ಗುಂಡಗಡಿಗೆಯ ಬಿಳಿ ನೆರಳು

ತಣ್ಣಗಿದೆ ಹಲಗೆ, ಎದೆಗೆ ತಗುಲಿದ ಕೂಡಲೇ ಮೈ ಜುಮ್ಮೆಂದಿತು, ಗದ್ದ ಇದರ ಮ್ಯಾಲ ಇಡ್ರಿ ಅಕ್ಕಾರ, ಹಾಂ, ಹಂಗ, ಅಲುಗಬ್ಯಾಡ್ರಿ, ಅಲುಗಿದರ ನೆರಳು ಕದಡ್ತದ — ಎಕ್ಸರೇ ತೆಗೆಯುವ ಗೌಸೋದ್ದೀನನ ದನಿ ಬೆನ್ನ ಹಿಂದಿನಿಂದ ಬರುತ್ತದೆ, ಅಂದೂ ಇದೇ ದನಿ, ಬೀದರಿನ ಇದೇ ದವಾಖಾನೆ, ಕಿಟಕಿಗೆ ಇದೇ ಕರಿ ಅರಿವೆ, ಹಲಗೆಗೆ ಎದೆಯೊಡ್ಡಿ ನಿಂತವರು ಮಾತ್ರ ಅವರು, ಸುಂದರಬಾಯಿ ಬಾಗಿಲಲ್ಲಿ ಸೆರಗು ಬಾಯಿಗಿಟ್ಟುಕೊಂಡು ನಿಂತಿದ್ದಳು. ಎರಡು ವರ್ಷವಾಯಿತು. ಇಂದು ಕೆಮ್ಮು ಅವಳದು, ಬಾಗಿಲಲ್ಲಿ ನಿಂತವಳು ಔರಾದದ ತಂಗಿ ವಿಮಲಾಬಾಯಿ — ಅಕ್ಕಾ, ನೀನೂ ಮಾವಾರ ಹಾದಿ ಹಿಡೀತಿ ಏನು, ನನಗ ಇನ್ಯಾರದಾರ ಹೇಳು, ಎಂದು ಅತ್ತು ಕರೆದು ಭಾಲ್ಕಿಯಲ್ಲಿ ರೈಲು ಹತ್ತಿಸಿದಳು, ಇಲ್ಲದಿದ್ದರೆ ಸುಂದರಬಾಯಿಗೆ ಏನವಸರವಿತ್ತು, ಅವಳಿಗೆ ಬೇಕಾದ ನೆರಳು ಮನೆಯ ಟ್ರಂಕಿನಲ್ಲೇ ಇದೆ, ಇಳಕಲ್ ಸೀರೆಯ ಮಡಿಕೆಯೊಳಗೆ, ದಿನಾ ಮಧ್ಯಾಹ್ನ ತೆಗೆದು ಬಿಸಿಲಿಗೆ ಹಿಡಿಯುತ್ತಾಳೆ, ಮತ್ತೆ ಮಡಿಸಿಡುತ್ತಾಳೆ.

ಅವರು ಎಂದರೆ ಹಾವಗೆಪ್ಪ, ಭಾಲ್ಕಿ ಪೇಟೆಯಲ್ಲಿ ತೊಗರಿ ಅಡತಿ ಅಂಗಡಿ ಇಟ್ಟಿದ್ದ ಹಾವಗೆಪ್ಪ, ಗಂಡನ ಹೆಸರನ್ನು ಅವಳು ಬಾಯಲ್ಲಿ ಆಡುವವಳಲ್ಲ, ಮನಸ್ಸಿಗೆ ಯಾರ ತಡೆ, ಹಾವಗೆಪ್ಪ, ಹಾವಗೆಪ್ಪ — ಫೋಟೋ ತೆಗೆಸಿದರ ಆಯುಷ್ಯ ಕಡಿಮಿ ಆಗ್ತದ ಎನ್ನುತ್ತಿದ್ದರು, ತೆಗೆಸದೆ ಯಾವ ನೂರು ವರ್ಷ ಬಾಳಿದರು. ಬೇರೆ ಹೆಂಗಸರು ಗೋಡೆಯ ಮೇಲೆ ಗಂಡನ ಮುಖ ನೋಡಿಕೊಂಡರೆ ಇವಳ ಪಾಲಿಗೆ ಬಂದದ್ದು ಎಕ್ಸರೇ ಹಾಳೆಯಲ್ಲಿನ ಗಂಡನ ಪಕ್ಕೆಲುಬು, ನಗುವವರು ನಗಲಿ, ಆಡುವವರ ಬಾಯಿಗೆ ಕೀಲಿ ಹಾಕಲು ಬರುತ್ತದೆಯೇ. ಬೀದರಿ ಹೂಜಿಯ ಹಾಗೆ ಕರಿಯ ಮೇಲೆ ಬಿಳಿಯ ಗೆರೆ, ಗೌಸೋದ್ದೀನ ಅಂದೇ ತಿಳಿಸಿ ಹೇಳಿದ್ದ, ಈ ಬೆಳಕ ಕಣ್ಣಿಗಿ ಕಾಣಂಗಿಲ್ರಿ, ಮಾಂಸದಾಗ ಹಾಯ್ದು ಹೋಗ್ತದ, ಎಲುಬಿಗಿ ಅರ್ಧ ತಡೀತದ, ಬೆಳ್ಳಿ ಬಂಗಾರ ಬಂತಂದ್ರ ಪೂರಾ ನಿಂತೇ ಬಿಡ್ತದ, ನಿಂತಲ್ಲಿ ಬಿಳಿ, ಹಾಯ್ದಲ್ಲಿ ಕರಿ, ಗಾಳಿ ತುಂಬಿದ ಜಾಗಾ ಎಲ್ಲಾ ಕರಿ — ಹಾಗಾದರೆ ಆ ಕರಿ ಅವರ ಉಸಿರು, ಅಂದು ಹಿಡಿದ ಉಸಿರು ಇನ್ನೂ ಆ ಹಾಳೆಯಲ್ಲೇ ಇದೆ, ಅವಳು ಅದರ ಮೇಲೆ ಅಂಗೈ ಇಡುತ್ತಾಳೆ, ಗುಂಡಿಗೆ ವಾಲಿದ ಕಡೆ ಕೆನ್ನೆ ಇಡುತ್ತಾಳೆ. ಮುಖ ಮಾತ್ರ ದಿನದಿನಕ್ಕೆ ಮಾಸುತ್ತಿದೆ, ಮೂಗಿನ ಪಕ್ಕದ ಮಚ್ಚೆ ಎಡಕ್ಕಿತ್ತೋ ಬಲಕ್ಕೋ, ಹಾಳೆ ಗದ್ದದ ಕೆಳಗೇ ಮುಗಿದುಬಿಡುತ್ತದೆ, ಇನ್ನು ನಾಲ್ಕು ಬೆರಳು ಮೇಲೆ ಹಿಡಿದಿದ್ದರೆ ಈ ಗೌಸೋದ್ದೀನನ ಅಪ್ಪನ ಗಂಟು ಹೋಗುತ್ತಿತ್ತೇ. ಮತ್ತೆ ಆ ಎಲುಬುಗಳ ನಡುವೆ, ಬಲಕ್ಕೆ ಜಾರಿ, ಮೊಟ್ಟೆಯಷ್ಟು ದೊಡ್ಡದಾಗಿ, ಏನೂ ಹಾಯದೆ, ಬಿಳಿ, ಬರೀ ಬಿಳಿ — ಅವರ ಕೊರಳಿನ ಇಷ್ಟಲಿಂಗವನ್ನಿಟ್ಟ ಬೆಳ್ಳಿಯ ಗುಂಡಗಡಿಗೆ.

ಅದನ್ನ ತೆಗೆದಿಡ್ರಿ ಸಾಹುಕಾರ್ರ ಎಂದು ಗೌಸೋದ್ದೀನ ಅಂದು ಹೇಳಿದಾಗ ಅವರ ಕೈ ಕೊರಳಿನ ಶಿವದಾರಕ್ಕೆ ಹೋಗಿತ್ತು, ಹೋಗಿತ್ತು, ಅವಳು ಕಣ್ಣಾರೆ ಕಂಡಿದ್ದಾಳೆ, ಬ್ಯಾಡ್ರೀ, ಲಿಂಗ ಬಿಟ್ಟ ಮೈ ಮೈಯಲ್ಲ, ಹೆಣ, ಎಂದವಳು ಅವಳೇ, ಬಾಗಿಲಲ್ಲಿ ನಿಂತು, ಆ ಕೈ ಕೆಳಗಿಳಿಯಿತು. ಹೆಂಡತಿಗೆ ಎಂದೂ ಎದುರಾಡದವರು ಅಂದೊಂದು ದಿನ ಗದರಬಾರದಿತ್ತೇ, ಸುಮ್ಮನಿರು ಸುಂದರಾ ಎನ್ನಬಾರದಿತ್ತೇ. ಡಾಕ್ಟರು ಹಾಳೆಯನ್ನು ಬೆಳಕಿಗೆ ಹಿಡಿದು, ಉಳಿದದ್ದೆಲ್ಲಾ ಸಾಫ್ ಅದ, ಈ ಬಿಳಿ ಹಿಂದ ಏನದ ಹೇಳಾಕ ಬರಂಗಿಲ್ಲ, ಇದನ್ನ ತೆಗೆದಿಟ್ಟು ಇನ್ನೊಮ್ಮಿ ಬರ್ರಿ ಎಂದರು, ಹೂಂ ಎಂದು ಹಾಳೆ ಇಸಿದುಕೊಂಡು ರೈಲು ಹತ್ತಿದರು, ಆರು ತಿಂಗಳಿಗೆ ಕೆಮ್ಮಿದಲ್ಲಿ ರಕ್ತ, ಎಂಟನೆಯ ತಿಂಗಳಿಗೆ ಅವರೇ ಇಲ್ಲ. ರೋಗ ಇದ್ದದ್ದು ಅಲ್ಲೇ, ಬಿಳಿಯ ಹಿಂದೆ, ಅವಳ ಮಾತಿನ ಮರೆಯಲ್ಲಿ. ಅವರಿಗೆ ಬೇಡವೆಂದವಳು ತಾನೀಗ ಯಾವ ಮುಖದಿಂದ ತನ್ನ ಕೊರಳಿನ ಲಿಂಗ ತೆಗೆದಾಳು, ತೆಗೆಯುವುದಿಲ್ಲ, ನನ್ನ ರೋಗವೂ ಬಿಳಿಯ ಹಿಂದೆಯೇ ಕೂತಿರಲಿ, ಎಂದು ರೈಲಿನಲ್ಲೇ ನಿಶ್ಚಯ ಮಾಡಿಕೊಂಡು ಬಂದಿದ್ದಳು.

ತೆಗೀಬ್ಯಾಡ್ರಿ ಅಕ್ಕಾರ — ಹಲಗೆಗೆ ನಿಲ್ಲಿಸುವ ಮುಂಚೆ, ಈಗಷ್ಟೇ, ಗೌಸೋದ್ದೀನ ಅಂದದ್ದು — ಪೂಜಾ ಮಾಡಾಗ ಅದು ಎಲ್ಲಿರ್ತದರಿ, ಎಡಗೈನಾಗ ಅಲ್ಲೇನು, ಹಂಗೇ ಎಡಗೈನಾಗ ಹಿಡಕೊಂಡು ಕೈ ಕಡೀಗಿ ಚಾಚ್ರಿ, ಎದಿ ಖಾಲಿ ಆಗ್ತದ, ಮೈ ಖಾಲಿ ಆಗಂಗಿಲ್ಲ. ನೀವು ಹೋದ ಮರುವಾರನ ಇದು ನನಗ ಹೊಳೀತ್ರಿ, ಬಾಜೂಮನಿ ಮುತ್ಯಾ ಪೂಜಾಕ್ಕ ಕೂತಿದ್ರು, ನೋಡಿದೆ, ಭಾಲ್ಕಿ ಸಾಹುಕಾರ್ರು ತಿರುಗಿ ಬರ್ತಾರ, ಹೇಳಬೇಕು ಅಂತ ಹಾದಿ ನೋಡಿದೆ, ನೀವು ಬರಲೇ ಇಲ್ಲ. ಬರಲಿಲ್ಲ. ಮೂವತ್ತು ವರ್ಷ ದಿನಾ ಮುಂಜಾನೆ ಅವರ ಎಡಗೈಯಲ್ಲಿ ಕಂಡದ್ದು, ಇವಳೇ ಹೂ ಪತ್ರಿ ಮುಂದಿಟ್ಟದ್ದು, ಬಾಗಿಲಲ್ಲಿ ನಿಂತಾಗ ಯಾಕೆ ನೆನಪಾಗಲಿಲ್ಲ, ಅಂಗೈ ಹುಣ್ಣಿಗೆ ಕನ್ನಡಿ ಹುಡುಕಿದ ಹಾಗೆ. ಅಕ್ಕಾ, ಮಾತು ಕೇಳು, ವಿಮಲಾಬಾಯಿ ಅಳುತ್ತಿದ್ದಾಳೆ, ಆ ಅಳುವಿಗೇ ಸುಂದರಬಾಯಿ ಶಿವದಾರ ಬಿಚ್ಚಿದಳು, ಗುಂಡಗಡಿಗೆ ಎಡ ಅಂಗೈಗೆ ಬಂತು, ಮೈಯ ಬಿಸಿ ಇನ್ನೂ ಅದರಲ್ಲಿತ್ತು, ಕೈ ಚಾಚಿದಳು, ಬರಿದಾದ ಎದೆಗೆ ಹಲಗೆ ತಣ್ಣಗೆ — ದಮ್ಮ ಹಿಡೀರಿ — ಹಿಡಿದಳು, ಡೈನಮೋ ಗುಯ್ ಎಂದಿತು, ಕಣ್ಣಿಗೆ ಕಾಣದ ಬೆಳಕು ಬೆನ್ನಿನಿಂದ ಎದೆಗೆ ಹಾಯ್ದು ಹೋಗುತ್ತಿದೆ, ತಡೆಯುವವರಿಲ್ಲ, ಎಲ್ಲ ಕಾಣಲಿ — ಆತ್ರಿ ಅಕ್ಕಾರ, ಬಿಡ್ರಿ ದಮ್ಮ, ಬಿಡ್ರಿ — ಬಿಡಲಾಗದು, ಹಿಂದೊಮ್ಮೆ ಹೀಗೆಯೇ ಕಂಡದ್ದು ನೆನಪಾಯಿತು, ಮಣ್ಣು ಮಾಡುವಾಗ ಕುಣಿಯಲ್ಲಿ ಅವರನ್ನು ಕೂಡಿಸಿ, ಅಯ್ಯನವರು ಕೊರಳಿನದನ್ನು ಬಿಚ್ಚಿ ಅವರ ಎಡಗೈಯಲ್ಲಿಟ್ಟಿದ್ದರು, ಎಡಗೈಯಲ್ಲಿ ಲಿಂಗ, ಎದೆ ಖಾಲಿ, ಎಡಗೈಯಲ್ಲಿ ಲಿಂಗ, ಎದೆ ಖಾಲಿ.