ಒತ್ತಬೇಡ

ಬೈಂಡಿಂಗ್ ಅಂಗಡಿಯಲ್ಲಿ ಅವನನ್ನು ಎಲ್ಲರೂ ಎಡಚ ಎಂದೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಸಂಬಳದ ದಿನ ಮಾತ್ರ ಹೊರಗೆ ಬಂದು ಮತ್ತೆ ಒಳಗೆ ಹೋಗುತ್ತಿತ್ತು. ಕಾಗದ ಕತ್ತರಿಸುವ ದೊಡ್ಡ ಮಷೀನಿನ ಮುಂದೆ ನಿಂತು ನಿಂತೇ ಅವನ ಕೂದಲು ನೆರೆತಿತ್ತು. ನೋಟ್‌ಬುಕ್ಕಾಗಲಿ, ಬಿಲ್‌ಬುಕ್ಕಾಗಲಿ, ಡೈರಿಯಾಗಲಿ, ಅಂಚು ನೇರ ಮಾಡುವುದು ಅವನ ಕೆಲಸ. ಬದುಕಿನಲ್ಲಿ ಅವನು ನೇರ ಮಾಡಿದ್ದೂ ಅಷ್ಟೇ.

ಆ ಮಷೀನಿನ ಮುಂಭಾಗದಲ್ಲಿ, ಎದೆಯ ಮಟ್ಟದಲ್ಲಿ, ಎರಡು ಹಸಿರು ಗುಂಡಿಗಳಿದ್ದವು. ಒಂದು ಎಡತುದಿಗೆ, ಇನ್ನೊಂದು ಬಲತುದಿಗೆ. ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಬ್ಲೇಡು ಇಳಿಯುತ್ತಿತ್ತು. ಕೆಲಸದವನ ಎರಡೂ ಕೈ ಗುಂಡಿಯ ಮೇಲಿದ್ದರೆ ಬ್ಲೇಡಿನ ಕೆಳಗೆ ಹೋಗುವುದಕ್ಕೆ ಕೈಯೇ ಉಳಿಯುವುದಿಲ್ಲ ಎಂದು ಯಾವನೋ ಪುಣ್ಯಾತ್ಮ ಯೋಚಿಸಿ ಮಾಡಿದ ಏರ್ಪಾಡು. ಇಂಥ ಮೂವರು ಹುಟ್ಟಿ ಬರುತ್ತಾರೆಂದು ಪಾಪ, ಅವನಿಗೇನು ಗೊತ್ತು.

ಯಜಮಾನರು ಮಂಡಿನೋವು ಜಾಸ್ತಿಯಾಗಿ ಅಂಗಡಿ ಮಾರಲು ಹೊರಟಿದ್ದರು. "ನೀನು ತಗೊಂಡ್ರೆ ನಿಂಗೆ. ಇಲ್ಲಾಂದ್ರೆ ಮಷೀನು ಗುಜರಿಗೆ," ಎಂದು ಎಡಚನಿಗೆ ಹೇಳಿಬಿಟ್ಟರು. ಅವನಿಗೆ ಬೇರೆ ಕೆಲಸ ಬಾರದು. ಅವನ ಹೆಂಡತಿ ಅದೇ ಅಂಗಡಿಯ ಮೂಲೆಯಲ್ಲಿ ಕೂತು ಪುಸ್ತಕದ ಬೆನ್ನಿಗೆ ಅಂಟು ಹಚ್ಚುತ್ತಿದ್ದಳು. ಅಂಟಿನ ಡಬ್ಬಿಯ ಎದುರಿಗೇ ಯಜಮಾನರ ತಿರುಗುವ ಕುರ್ಚಿ. ಹನ್ನೆರಡು ವರ್ಷ ಅದನ್ನೇ ನೋಡಿಕೊಂಡು ಅಂಟು ಹಚ್ಚಿದವಳಿಗೆ ಅದೂ ಮಷೀನಿನ ಜೊತೆ ಗುಜರಿಗೆ ಹೋಗುವುದೆಂದರೆ ಕರುಳು ಕಿವುಚಿದಂತಾಯಿತು. ಗಂಡನ ಕೆಲಸ ಹೋಗುತ್ತದೆಂಬ ಚಿಂತೆಯೂ ಇತ್ತು, ಇಲ್ಲವೆನ್ನಲಾಗದು. ಅದು ಎರಡನೆಯದು.

ಇಂಥ ಹೊತ್ತಿಗೆ ಒದಗದಿದ್ದರೆ ತಮ್ಮ ಇದ್ದೇನು ಪ್ರಯೋಜನ? ಇವಳ ತಮ್ಮನಿಗೆ ಊರಿಟ್ಟ ಹೆಸರು ಪ್ಲಾನು. ಮೊಲ ಸಾಕಿ ಸಾಹುಕಾರನಾಗುತ್ತೇನೆಂದು ಎರಡು ಮೊಲ ತಂದು, ಎರಡೂ ಗಂಡೆಂದು ವರ್ಷವಾದ ಮೇಲೆ ಕಂಡುಕೊಂಡವನು. ಬೀಗ ರಿಪೇರಿ ಅಂಗಡಿ ತೆರೆದು, ಮೊದಲ ದಿನವೇ ಅದಕ್ಕೆ ಬೀಗ ಹಾಕಿ ಕೀಲಿ ಕಳೆದವನು. ಈ ಸಲ ಅವನ ಕೈಗೆ ಸಿಕ್ಕಿದ್ದು, ಕೆಲಸಗಾರರಿಗೆಂದು ಯಜಮಾನರು ಮಾಡಿಸಿದ್ದ ಅಪಘಾತ ವಿಮೆಯ ಕರಪತ್ರ.

"ಭಾವ, ಇಲ್ನೋಡಿ," ಎಂದು ಅದನ್ನು ಊಟದ ಮೇಜಿನ ಮೇಲೆ ಹರಡಿದ. "ಎಡಗೈ ಹೆಬ್ಬೆರಳಿಗೆ ಚಿಲ್ಲರೆ ಕಾಸು. ಬಲಗೈ ಹೆಬ್ಬೆರಳಿಗೆ ಎಷ್ಟು ನೋಡಿ! ಯಾಕೆ ಹೇಳಿ? ಇದನ್ನ ಬರೆದವನು ಎಲ್ರೂ ಬಲಗೈಲೇ ಕೆಲಸ ಮಾಡ್ತಾರೆ ಅಂದ್ಕೊಂಡಿದಾನೆ. ನಿಮಗೆ ಬಲಗೈ ಯಾತಕ್ಕೆ?"

ಎಡಚ ತನ್ನ ಬಲಗೈಯನ್ನು ನೋಡಿಕೊಂಡ. "ಇರಲಿ ಅಂತ ಇದೆ," ಎಂದ.

"ಸುಮ್ನೆ ಇದೆ! ಸುಮ್ನೆ ಇರೋದಕ್ಕೆ ದುಡ್ಡು ಕೊಡ್ತೀವಿ ಅಂತಿದಾರೆ!"

ಅಕ್ಕ ಗಂಡನ ಬಲಗೈಯನ್ನು ಎಳೆದು ಮೇಜಿನ ಮೇಲಿಟ್ಟು ಬದನೆಕಾಯಿ ಆರಿಸುವ ಹಾಗೆ ಒಂದೊಂದು ಬೆರಳನ್ನೂ ಹಿಡಿದು ನೋಡಿದಳು. "ಹೆಬ್ಬೆರಳು ಸಾಕು," ಎಂದಳು. "ಉಂಗುರದ ಬೆರಳು ಮುಟ್ಟಬೇಡಿ. ಅದು ನಮ್ಮಪ್ಪ ಹಾಕಿದ ಉಂಗುರ."

"ಎರಡೂ ಕೈ ಪೂರ್ತಿ ಹೋದ್ರೆ ನೋಡಬೇಕು ಅಕ್ಕ, ಕೊನೇ ಸಾಲು. ಭಾವ ರಾಜ!" ಎಂದು ಪ್ಲಾನು ನಕ್ಕ. ಎಡಚನೂ ನಕ್ಕ. ಅಕ್ಕ ನಗಲಿಲ್ಲ. "ಎಷ್ಟು?" ಎಂದು ಕೇಳಿ ಕರಪತ್ರವನ್ನು ತನ್ನ ಕಡೆಗೆ ತಿರುಗಿಸಿಕೊಂಡಳು.

ಕೈ ಒಳಗಿಟ್ಟರೆ ತಾನು ಗುಂಡಿ ಒತ್ತಲಾಗುವುದಿಲ್ಲ ಎಂದು ಎಡಚ ಹೇಳಿದ. ತಾನು ಒತ್ತುತ್ತೇನೆ ಎಂದು ಪ್ಲಾನು ಹೇಳಿದ. ತಾನು ಬಾಗಿಲು ಕಾಯುತ್ತೇನೆ ಎಂದು ಅಕ್ಕ ಹೇಳಿದಳು. ಮೂರು ತಲೆಗಳೂ ಅಲ್ಲಾಡಿದವು. ಒಂದರೊಳಗಾದರೂ ಏನಾದರೂ ಇದ್ದಿದ್ದರೆ ಆಗಲೇ ಸದ್ದಾಗಬೇಕಿತ್ತು.

ಮರುದಿನ ಊಟದ ಹೊತ್ತಿನಲ್ಲಿ ಯಜಮಾನರು ಮನೆಗೆ, ಉಳಿದವರು ಹೊರಗಿನ ಜಗಲಿಗೆ ಹೋದರು. ಅಕ್ಕ ಬಾಗಿಲಲ್ಲಿ ನಿಂತಳು; ಒತ್ತು ಅಂದ ಕೂಡಲೇ ಒತ್ತುವುದೆಂದು ಪ್ಲಾನು ಎರಡು ಗುಂಡಿಗಳ ಮೇಲೂ ಕೈಯಿಟ್ಟ. ಎಡಚ ಮಷೀನು ಹಾಕಿದ. ಅದು ಎಂದಿನಂತೆ ಗುರುಗುಟ್ಟತೊಡಗಿತು. ಪಕ್ಕದಿಂದ ಬಗ್ಗಿ ಬಲಗೈ ಹೆಬ್ಬೆರಳನ್ನು ಬ್ಲೇಡಿನ ಕೆಳಗಿಟ್ಟ. ಅಳತೆಯ ಮನುಷ್ಯ, ಒಮ್ಮೆ ಹಿಂದೆ ಸರಿಸಿದ, ಒಮ್ಮೆ ಮುಂದೆ. ಅಷ್ಟರಲ್ಲಿ ಅವನಿಗೆ, ಶರಟಿನ ಗುಂಡಿ ಹಾಕುವುದು ಈ ಹೆಬ್ಬೆರಳಿನಿಂದಲ್ಲವೇ ಎಂದು ಹೊಳೆಯಿತು. ಮದುವೆಯಾಗಿ ಹೋದ ಮಗಳು ಮಗುವಾಗಿದ್ದಾಗ ಹಿಡಿದುಕೊಂಡು ನಡೆದಿದ್ದೂ ಇದನ್ನೇ.

"ಒತ್ತಬೇಡ!" ಎಂದು ಕೂಗಿದ.

ನಮ್ಮ ಭಾಷೆಯ ಕಷ್ಟವೇ ಇದು. ಮಾಡು ಅನ್ನುವುದು ಮೊದಲು ಬರುತ್ತದೆ, ಬೇಡ ಅನ್ನುವುದು ಬಾಲದಲ್ಲಿ ಬರುತ್ತದೆ. ಕಣ್ಣು ಮುಚ್ಚಿಕೊಂಡು ನಿಂತಿದ್ದ ಪ್ಲಾನು "ಒತ್ತ" ಅನ್ನುವಷ್ಟರಲ್ಲೇ ಒತ್ತಿಬಿಟ್ಟಿದ್ದ. ಬೇಡ ಬರುವ ಹೊತ್ತಿಗೆ ಬ್ಲೇಡು ಬಂದಿತ್ತು. ಅದೂ ಸಾಲದೆಂದು, ಕೈ ಸೆಳೆದುಕೊಳ್ಳಲು ಹೋದ ಎಡಚ ನೆಲದ ಕಾಗದದ ಚೂರಿನ ಮೇಲೆ ಕಾಲು ಜಾರಿ ಹಿಂದಕ್ಕೆ ಹೋಗುವ ಬದಲು ಮುಂದಕ್ಕೆ ಬಿದ್ದಿದ್ದ. ಹೆಬ್ಬೆರಳು ಕೇಳಿದ್ದರು, ಮಣಿಕಟ್ಟಿನವರೆಗೆ ಸಿಕ್ಕಿತು. ಅಂಚು ಮಾತ್ರ ನೇರವಾಗಿತ್ತು.

ಪ್ಲಾನು ಕಣ್ಣು ಬಿಟ್ಟು ನೋಡಿದ. ಬೆವರು ಒರೆಸಿಕೊಂಡ. "ಭಾವ," ಎಂದ, "ಪೂರ್ತಿ ಕೈಗೆ ಇನ್ನೂ ಜಾಸ್ತಿ ಬರುತ್ತೆ."

ಭಾವನನ್ನು ಹೊತ್ತುಕೊಂಡು ಹೋದವನು ಅವನೇ. ಅಕ್ಕ ಸ್ವಲ್ಪ ತಡವಾಗಿ ಆಸ್ಪತ್ರೆಗೆ ಬಂದಳು. ವೈದ್ಯರು ಓಡಿ ಬಂದು, "ಕೈ ಎಲ್ಲಮ್ಮ? ಬೇಗ ತಂದ್ರೆ ಹೊಲಿದು ಕೂಡಿಸಬಹುದು!" ಎಂದರು. ಅವಳು ಸೆರಗಿನಿಂದ ಕಣ್ಣೊತ್ತಿಕೊಂಡು, "ಎಲ್ಲಾ ಹುಡುಕಿದೆ ಡಾಕ್ಟ್ರೇ. ಕಾಗದದ ಚೂರಿನ ಮೂಟೆ ಜೊತೆ ಗುಡಿಸಿ ಹಾಕಿಬಿಟ್ಟಿದಾರೆ, ಲಾರಿ ಹೋಗಿಯೇಬಿಡ್ತು," ಎಂದಳು. ಎಡಚ ಮಂಪರಿನಲ್ಲೂ ಅದನ್ನು ಕೇಳಿಸಿಕೊಂಡು ಅತ್ತ. ಮಾವನ ಉಂಗುರವೂ ಹೋಯಿತಲ್ಲ ಎಂದು ಹೆಂಡತಿಯ ಕ್ಷಮೆ ಕೇಳಿದ. ಹೋಗಲಿ ಬಿಡಿ ಎಂದು ಅವಳು ತಲೆ ಸವರಿದಳು.

ಬ್ಯಾಂಡೇಜು ಬಿಚ್ಚುವ ಮೊದಲೇ ವಿಮೆ ಕಂಪನಿಯವನು ಬಂದ. ಬಾಯಲ್ಲಿ ಪೆಪ್ಪರ್‌ಮಿಂಟು, ಮುಖದಲ್ಲಿ ಏನೂ ಇಲ್ಲ. ಮಷೀನಿನ ಮುಂದೆ ಮೂವರನ್ನೂ ನಿಲ್ಲಿಸಿ ಎರಡು ಗುಂಡಿಗಳನ್ನೂ ಸವರಿ ನೋಡಿದ.

"ಒಬ್ಬರೇ ಕೆಲಸ ಮಾಡ್ತಿದ್ರಿ ಅಂತ ಬರೆದುಕೊಟ್ಟಿದೀರಿ. ಎಡಗೈ ಈ ಗುಂಡಿ ಮೇಲೆ. ಒಪ್ಪಿದೆ. ಬಲಗೈ ಬ್ಲೇಡ್ ಕೆಳಗೆ. ಅದೂ ಒಪ್ಪಿದೆ. ಹಾಗಾದ್ರೆ ಆ ಗುಂಡಿ ಮೇಲೆ ಇದ್ದಿದ್ದು ಯಾರ ಕೈ? ನಿಮಗೆ ಮೂರು ಕೈಯಾ ಸ್ವಾಮಿ?"

ಎಡಚ ಗುಂಡಿಗಳನ್ನು ಎಣಿಸಿದ. ಇಷ್ಟು ವರ್ಷ ಒತ್ತಿದ ಗುಂಡಿಗಳು. ಕೈಗೆ ಗೊತ್ತಿದ್ದದ್ದು ತಲೆಗೆ ಗೊತ್ತಿರಲಿಲ್ಲ, ಗೊತ್ತಿದ್ದ ಕೈ ಈಗ ಇರಲಿಲ್ಲ.

"ಮೊಣಕಾಲು ಸಾರ್!" ಎಂದ ಪ್ಲಾನು. "ಭಾವ ಮೊಣಕಾಲಲ್ಲಿ ಒತ್ತಿರ್ತಾರೆ!"

"ಹೌದಾ? ಒಂದ್ಸಲ ತೋರಿಸಿ."

ಎದೆಮಟ್ಟದ ಗುಂಡಿಗೆ ಮೊಣಕಾಲು ಎತ್ತಲು ಹೋಗಿ ಪ್ಲಾನು ಅಂಗಾತ ಬಿದ್ದ. ಕಂಪನಿಯವನು ಪೆಪ್ಪರ್‌ಮಿಂಟನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸಾಗಿಸಿದ.

"ನನಗೆ ಮೂರನೇ ಕೈ ಯಾರದ್ದಾದ್ರೂ ಒಂದೇ. ಮೂವರೂ ಮಾತಾಡ್ಕೊಂಡು ಮಾಡಿದ್ರೆ ಕಾಸಿಲ್ಲ, ಮೂವರೂ ಜೈಲಿಗೆ. ಬೇಡ ಅಂದ್ರೂ ಒಬ್ಬ ಬೇಕಂತ ಒತ್ತಿದ್ರೆ, ಒತ್ತಿದವನು ಜೈಲಿಗೆ, ಕೈ ಹೋದವರಿಗೆ ಕಾಸು. ಅಮ್ಮಾ, ನೀವು ಬಾಗಿಲಲ್ಲಿ ಇದ್ರಂತೆ. ನಿಮಗೆ ಕೇಳಿಸಿದ್ದೇನು?"

ಗಂಡ ಅವಳ ಮುಖ ನೋಡಿದ. ನೆಲದ ಮೇಲಿಂದ ತಮ್ಮನೂ ನೋಡಿದ. ಅವಳು ನೋಡಿದ್ದು ಯಜಮಾನರ ಕುರ್ಚಿಯನ್ನು.

"ಒತ್ತಬೇಡ ಅಂತ ಇವರು ಬಡ್ಕೊಂಡ್ರು," ಎಂದಳು. "ನಾನು ಕಿವಿಯಾರೆ ಕೇಳಿದೆ."

"ಅಕ್ಕಾ! ನಂಗೆ ಕೇಳಿಸಿದ್ದು ಒತ್ತು ಅಂತ ಕಣೇ!"

"ಮೊದಲಿಂದ ಏನಾದ್ರೂ ಜಗಳ ಇತ್ತಾ?" ಎಂದು ಕಂಪನಿಯವನು ಕೇಳಿದ.

"ಇತ್ತು ಸಾರ್. ಮೊಲ ಸಾಕೋಕೆ ಇವರು ದುಡ್ಡು ಕೊಡಲಿಲ್ಲ ಅಂತ ಹಲ್ಲು ಕಡೀತಿದ್ದ." ಮಾತೆಂದರೆ ಇದು. ಅವಳು ಒಂದು ಚೂರೂ ತಡವರಿಸಲಿಲ್ಲ.

ಪ್ಲಾನು ಪೊಲೀಸರ ಮುಂದೆ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಹುಟ್ಟಿದಾಗಿನಿಂದ ಮೊದಲ ಸಲ ಹೇಳಿದ ನಿಜ, ಅವನ ಪ್ಲಾನುಗಳಲ್ಲೆಲ್ಲ ಅತ್ಯಂತ ಕಳಪೆಯದರಂತೆ ಕೇಳಿಸಿತು. ತನ್ನ ಕೈಯನ್ನು ತಾನೇ ಯಾವನು ಕೊಡುತ್ತಾನೆ ಎಂದು ಅವರು ಹೊಟ್ಟೆ ಹಿಡಿದುಕೊಂಡು ನಕ್ಕು, ಏಳು ವರ್ಷಕ್ಕೆ ಅವನನ್ನು ಒಳಗೆ ಕಳಿಸುವ ಏರ್ಪಾಡು ಮಾಡಿದರು. ಬಾಮೈದ ಅಷ್ಟು ಕೆಟ್ಟವನಲ್ಲ ಎಂದು ಎಡಚ ಒಂದೆರಡು ಸಲ ಗೊಣಗಿದ. "ನೀವು ಬೇಡ ಅಂದಿದ್ದು ಸುಳ್ಳಾ?" ಎಂದು ಹೆಂಡತಿ ಕೇಳಿದಳು. ಸುಳ್ಳಲ್ಲ ಎಂದು ಅವನು ಒಪ್ಪಿಕೊಂಡ.

ದುಡ್ಡು ಬಂತು, ಅಂಗಡಿ ಬಂತು. ತಿರುಗುವ ಕುರ್ಚಿಯಲ್ಲಿ ಅವಳು ಕೂತಳು. ಮಾಲೀಕರಾದ ಮೇಲೆ ವಿಮೆಯನ್ನು ಮತ್ತೆ ಮಾಡಿಸಿದವಳೂ ಅವಳೇ. ಒಂದು ತೊಡಕು ಮಾತ್ರ ಉಳಿಯಿತು. ಗುಂಡಿ ಎರಡು, ಗಂಡನ ಕೈ ಒಂದು. ಉಳಿದವರನ್ನೆಲ್ಲ ಬಿಡಿಸಿಯಾಗಿತ್ತು, ಸಂಬಳ ದಂಡವೆಂದು. ಹೀಗಾಗಿ ಎಡಚ ಎಡಗೈಯಿಂದ ಕಾಗದ ಜೋಡಿಸಿ ಸರಿಮಾಡುವುದು, ಅವಳು ಬಂದು ಎರಡೂ ಗುಂಡಿ ಒತ್ತುವುದು ಎಂದಾಯಿತು. ಕೈ ಹೊರಗೆ ತೆಗೆದು ಅವನು ಹೂಂ ಅನ್ನಬೇಕು, ಆಮೇಲೆ ಅವಳು ಒತ್ತಬೇಕು.

ಒಂದು ಮಧ್ಯಾಹ್ನ ಡೈರಿಯ ಕಟ್ಟೊಂದು ಬ್ಲೇಡಿನ ಕೆಳಗೆ ಓರೆಯಾಗಿ ಸಿಕ್ಕಿಕೊಂಡಿತು. ಎಡಚ ಪಕ್ಕದಿಂದ ಬಗ್ಗಿ, ಮೊಣಕೈವರೆಗೆ ಎಡಗೈ ಒಳಗೆ ಹಾಕಿ ಅದನ್ನು ಎಳೆಯುತ್ತಿದ್ದ. ಮಷೀನು ಗುರುಗುಟ್ಟುತ್ತಿತ್ತು. ಅವಳು ಆಗಲೇ ಬಂದು ನಿಂತಿದ್ದಳು. ಹಸಿರು ಗುಂಡಿಯ ಮೇಲಿದ್ದ ಅವಳ ಬೆರಳಿನಲ್ಲಿ ಏನೋ ಹೊಳೆಯಿತು.

ಅವನ ಉಂಗುರ. ಮೂಟೆಯ ಜೊತೆ ಲಾರಿಯಲ್ಲಿ ಹೋದ ಕೈಯ ಉಂಗುರ. ತನ್ನ ಬೆರಳಿನ ಅಳತೆಗೆ ಚಿಕ್ಕದು ಮಾಡಿಸಿದ್ದಳು, ಪಾಲಿಷ್ ಹಾಕಿಸಿದ್ದಳು.

ಕೈ ಸಿಕ್ಕಿತ್ತು. ವೈದ್ಯರು ಕೇಳಿದಾಗ ಅದು ಅವಳ ಹತ್ತಿರವೇ ಇತ್ತು. ಹೊಲಿದು ಕೂಡಿಸಿದ್ದರೆ ಕಾಸು ಬರುತ್ತಿರಲಿಲ್ಲ. ಇಷ್ಟನ್ನೂ ತಿಳಿಯಲು ಅವನಿಗೆ ಒಂದು ಗಳಿಗೆ ಹಿಡಿಯಿತು. ಕರಪತ್ರದ ಕೊನೆಯ ಸಾಲು ನೆನಪಾಗಲು ಇನ್ನೊಂದು ಗಳಿಗೆ. ಎಡಗೈ ಇನ್ನೂ ಕಟ್ಟಿನಡಿಯಲ್ಲೇ ಸಿಕ್ಕಿಕೊಂಡಿತ್ತು.

ಆದರೂ ಎಡಚ ಹಿಂದಿನಷ್ಟು ದಡ್ಡನಾಗಿ ಉಳಿದಿರಲಿಲ್ಲ. ಈ ಸಲ ಬಾಲದ ಮಾತನ್ನು ತಲೆಗೆ ತಂದ.

"ಬೇಡ!" ಎಂದು ಕಿರುಚಿದ. "ಬೇಡ, ಬೇಡ ಕಣೇ, ಬೇಡ!"

ಅವಳು ಗಂಡನ ಮುಖವನ್ನು ನೋಡಿದಳು. ಆಮೇಲೆ ಒಂದು ಕಿವಿಯನ್ನು ಅವನ ಕಡೆಗೆ ವಾಲಿಸಿದಳು. ಗುಂಡಿಗಳ ಮೇಲಿನ ಎರಡು ಕೈಗಳೂ ಇದ್ದಲ್ಲೇ ಇದ್ದವು.

"ಏನಂದ್ರಿ?" ಎಂದಳು. "ಈ ಸದ್ದಲ್ಲಿ ಸರಿಯಾಗಿ ಕೇಳಿಸ್ಲಿಲ್ಲ ರೀ."