ಹಿಂಬದಿಯ ಹಲಗೆ

"ಅಲ್ಲಿ ಬೇಡ," ಎಂದ ಆಸ್ಮುಸ್. "ಅಲ್ಲಿ ಹಳೇ ಬಣ್ಣ ಗಟ್ಟಿಯಾಗೇ ಇದೆ. ಅದರ ಮೇಲೇ ಹೊಸದು ಬಳಿ, ಸಾಕು."

ಮಗಳು ಡೋರ್ತೆ ಕೈ ನಿಲ್ಲಿಸಲಿಲ್ಲ. ಮನೆಯ ಮಗ್ಗುಲಲ್ಲಿ ಕಾರು ನಿಲ್ಲಿಸುವ ಚಪ್ಪರದಡಿ ದೋಣಿ ಎರಡು ಅಡ್ಡೆಗಳ ಮೇಲೆ ಬೋರಲಾಗಿ ಮಲಗಿತ್ತು. ಹನ್ನೆರಡು ಅಡಿಯ, ಒಂದೇ ಹಾಯಿಯ ಪುಟ್ಟ ದೋಣಿ. ಮೂರು ವಾರಗಳಿಂದ ಶಾಲೆ ಬಿಟ್ಟ ಮೇಲಿನ ಹೊತ್ತನ್ನೆಲ್ಲ ಅವಳು ಅದರ ಬಣ್ಣ ಹೆರೆಯುವುದರಲ್ಲೇ ಕಳೆದಿದ್ದಳು. ಮೇಲಿನ ಬಿಳಿ ಹೋಗಿ, ಅದರಡಿಯ ನೀಲಿ ಹೋಗಿ, ಮರದ ಕೆಂಪು ಮೈ ಕಾಣತೊಡಗಿತ್ತು. ಉಳಿದದ್ದು ಚುಕ್ಕಾಣಿ ತೂಗುಹಾಕುವ ಹಿಂಬದಿಯ ಹಲಗೆಯೊಂದೇ.

ಈ ಮೂರು ವಾರವೂ ಆಸ್ಮುಸ್ ಬಾಗಿಲ ಬಳಿಯ ಕುರ್ಚಿಯಲ್ಲಿ, ವಾಕರನ್ನು ಮೊಣಕಾಲಿಗೆ ಒರಗಿಸಿಕೊಂಡು, ಕಾಫಿ ಕುಡಿಯುತ್ತ ಸುಮ್ಮನೆ ಕೂತಿದ್ದ. ನಲವತ್ತು ವರ್ಷ ಮಾರ್ಸ್ಟಲ್ ಬಂದರಿನಲ್ಲಿ ದೋಣಿ ಕಟ್ಟಿದವನು. ಮಗಳ ಕೈಯಲ್ಲಿ ಹೆರೆಯುವ ಉಳಿ ಅಡ್ಡಾದಿಡ್ಡಿ ಹೋದರೂ ತುಟಿ ಬಿಚ್ಚಿರಲಿಲ್ಲ. ಚಳಿಗಾಲದಲ್ಲಿ ಸೊಂಟ ಮುರಿದುಕೊಂಡು ಅವಳ ಮನೆಗೆ ಬಂದ ಮೇಲೆ ಅವನ ಮನೆಯನ್ನು ಖಾಲಿ ಮಾಡಿದ್ದರು. ಆಗ ಕೊಟ್ಟಿಗೆಯಲ್ಲಿ ತಾಡಪಾಲಿನ ಕೆಳಗೆ ಇದು ಸಿಕ್ಕಿತ್ತು. ಜೂನ್ ತಿಂಗಳ ಹಬ್ಬದ ಬೆಂಕಿಗೆ ಹಾಕಿಬಿಡು ಅಂದಿದ್ದ ಅವನು. ಅವಳು ಒಪ್ಪಿರಲಿಲ್ಲ. ಅದು ಅವಳ ತಮ್ಮ ಎಬ್ಬೆಯ ದೋಣಿ.

ಮೂವತ್ತನಾಲ್ಕು ವರ್ಷಗಳ ಹಿಂದೆ, ಸೆಪ್ಟೆಂಬರಿನ ಒಂದು ಮಧ್ಯಾಹ್ನ, ಹದಿನೇಳರ ಎಬ್ಬೆ ತನ್ನ ಗೆಳೆಯ ಟೋರ್ಬೆನ್‌ನನ್ನು ಕರೆದುಕೊಂಡು ಇದರಲ್ಲಿ ಹೋಗಿದ್ದ. ಗಾಳಿ ತಿರುಗಿತು. ದೋಣಿ ಮಗುಚಿತು. ಟೋರ್ಬೆನ್ ಈಜಿ ದಡ ಸೇರಿದ, ಎಬ್ಬೆ ಸೇರಲಿಲ್ಲ. ಚುಕ್ಕಾಣಿ ಹಿಡಿದಿದ್ದವನು ಟೋರ್ಬೆನ್. ಚುಕ್ಕಾಣಿ ಬುಡಸಮೇತ ಕಿತ್ತು ಬಂತು ಅಂದ. ಮಾರನೆಯ ದಿನ ಪೊಲೀಸಿನವನು ಬಂದು ನೋಡಿದಾಗ ದೋಣಿಗೆ ಚುಕ್ಕಾಣಿ ಭದ್ರವಾಗಿ ಕೂತಿತ್ತು. ತನ್ನ ತಪ್ಪು ಮುಚ್ಚಿಕೊಳ್ಳಲು ಹುಡುಗ ಸುಳ್ಳು ಹೇಳುತ್ತಿದ್ದಾನೆ ಎಂದು ಊರು ತೀರ್ಮಾನಿಸಿತು. ಹಡಗು ಸೇರಬೇಕಿದ್ದವನನ್ನು ಯಾರೂ ಹಡಗಿಗೆ ಕರೆಯಲಿಲ್ಲ. ಈಗ ಅವನು ಏರೊ ದ್ವೀಪದ ಒಂದೇ ಮಾರ್ಗದ ಬಸ್ಸು ಓಡಿಸುತ್ತಿದ್ದ. ಡೋರ್ತೆಯ ತಾಯಿ ಸಾಯುವ ತನಕ ಆ ಬಸ್ಸು ಹತ್ತಿರಲಿಲ್ಲ. ಡೋರ್ತೆ ಹತ್ತುತ್ತಿದ್ದಳು, ಹಿಂದಿನ ಬಾಗಿಲಿಂದ.

ಅಪ್ಪ ಬೇಡವೆಂದ ಜಾಗದಲ್ಲಿ ಬಣ್ಣ ಸಿಪ್ಪೆಯಾಗಿ ಎದ್ದು ಬಂತು. ಚುಕ್ಕಾಣಿಯ ಕಂಚಿನ ಕೊಂಡಿಗಿಂತ ಮೂರು ಬೆರಳು ಕೆಳಗೆ ನಾಲ್ಕು ದುಂಡನೆಯ ಗುರುತುಗಳು. ಹಳೆಯ ಸ್ಕ್ರೂ ತೂತುಗಳಿಗೆ ಮರದ ಬೆಣೆ ಹೊಡೆದು ಮಟ್ಟ ಮಾಡಿದ್ದರು. ಬೆಣೆಗಳ ಸುತ್ತ ಮರದ ನಾರು ಹೊರಮುಖವಾಗಿ ಹರಿದಿತ್ತು. ಹರಿದ ಕಡೆಯೆಲ್ಲ ಸಂದು ತುಂಬಲು ಮೆತ್ತಿದ ಲಪ್ಪ ಕಲ್ಲಿನಂತಾಗಿತ್ತು. ಡೋರ್ತೆ ಶಾಲೆಯಲ್ಲಿ ಮರಗೆಲಸ ಕಲಿಸುವವಳು. ಸ್ಕ್ರೂವನ್ನು ತಿರುಗಿಸಿ ತೆಗೆದ ತೂತು ಹೇಗಿರುತ್ತದೆ, ಜಗ್ಗಿದ ಭಾರಕ್ಕೆ ಕಿತ್ತುಬಂದ ತೂತು ಹೇಗಿರುತ್ತದೆ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಇವು ಕಿತ್ತುಬಂದ ತೂತುಗಳು.

ತಲೆಯೆತ್ತಿದಾಗ ಅಪ್ಪ ಕುರ್ಚಿಯಲ್ಲಿರಲಿಲ್ಲ. ಒಳಗೆ ವಾಕರಿನ ಸದ್ದು ಅವನ ಕೋಣೆಯವರೆಗೆ ಹೋಗಿ ನಿಂತಿತು. ಆ ಸಂಜೆ ಇಬ್ಬರೂ ಎದುರುಬದುರು ಕೂತು ರೈ ರೊಟ್ಟಿ, ಉಪ್ಪುಮೀನು ತಿಂದರು. ಕೇಳಿದರೆ ಉತ್ತರ ಬಂದುಬಿಡುತ್ತದೆ ಎಂಬ ಭಯ ಅವಳನ್ನು ಹಿಡಿದಿತ್ತು.

ಮರುದಿನ ಶುಕ್ರವಾರ. ಮೂರು ಗಂಟೆಗೆ ಸೈಕಲ್ಲಿನಲ್ಲಿ ಮನೆಯ ತಿರುವಿಗೆ ಬರುವಾಗಲೇ ಕೊಡತಿಯ ಏಟು ಕೇಳಿಸಿತು. ಸೈಕಲ್ಲನ್ನು ಅಲ್ಲೇ ಬೇಲಿಗೆ ಒರಗಿಸಿ ಓಡಿದಳು. ಆಸ್ಮುಸ್ ವಾಕರ್ ಇಲ್ಲದೆ ನಿಂತಿದ್ದ. ಎದೆಯನ್ನು ದೋಣಿಗೆ ಆನಿಸಿ, ಒಂದು ಕಾಲಿನ ಮೇಲೆ ಭಾರ ಬಿಟ್ಟು, ಅವಳ ಅಗಲ ಉಳಿಯನ್ನು ಆ ಗುರುತುಗಳ ಮೇಲೆ ಇಟ್ಟು ಹೊಡೆಯುತ್ತಿದ್ದ. ಒಂದು ಬೆಣೆ ಆಗಲೇ ಪುಡಿಯಾಗಿತ್ತು.

ಕೂಗಿದರೆ ಬೀಳುತ್ತಾನೆ. ಅವಳು ಮೆಲ್ಲಗೆ ಹಿಂದಿನಿಂದ ಹೋಗಿ ಒಂದು ಕೈಯಿಂದ ಅವನ ಸೊಂಟದ ಪಟ್ಟಿ ಹಿಡಿದಳು. ಇನ್ನೊಂದು ಕೈ ಚಾಚಿದಳು.

"ಉಳಿ ಕೊಡು, ಅಪ್ಪ."

ಅವನು ಕೊಡಲಿಲ್ಲ. ಅವನ ಬೆನ್ನು ಅಂಗಿಯೊಳಗೆ ಬೆವತು ಒದ್ದೆಯಾಗಿರುವುದು ಅವಳಿಗೆ ತಿಳಿಯುತ್ತಿತ್ತು.

"ಎಬ್ಬೆ ಎರಡು ಸಲ ಹೇಳಿದ್ದ," ಅಂದ ಕೊನೆಗೆ, ಹಲಗೆಯ ಕಡೆಗೇ ಮುಖ ಮಾಡಿ. "ಅಪ್ಪ, ಕೊಂಡಿ ಅಲ್ಲಾಡ್ತಿದೆ ಅಂತ. ಒಳಗೆ ಮರ ಕೊಳೆತಿತ್ತು. ನಾನು ಉದ್ದದ ಸ್ಕ್ರೂ ಹಾಕಿ ಬಿಟ್ಟೆ. ಗಿರಾಕಿ ದೋಣಿ ಆಗಿದ್ರೆ ಹಲಗೇನೇ ಬದಲಾಯಿಸ್ತಿದ್ದೆ."

ಅವಳು ಅವನನ್ನು ಕುರ್ಚಿಗೆ ಕೂರಿಸಿದಳು. ಉಳಿದದ್ದನ್ನು ಅವನು ತುಂಡು ತುಂಡಾಗಿ ಹೇಳಿದ. ಬೆಳಗಿನ ಜಾವ ದಡದಲ್ಲಿ ದೋಣಿ ಸಿಕ್ಕಿದ್ದು ಅವನಿಗೇ. ಕಿತ್ತುಬಂದ ಚುಕ್ಕಾಣಿ ಹಗ್ಗದ ತುದಿಯಲ್ಲಿ ನೇತಾಡುತ್ತಿತ್ತು. ದೋಣಿಯನ್ನು ಮನೆಗೆ ತಂದು, ತೂತುಗಳಿಗೆ ಬೆಣೆ ಹೊಡೆದು, ಕೊಂಡಿಯನ್ನು ಮೇಲಿನ ಗಟ್ಟಿಮರಕ್ಕೆ ಕೂರಿಸಿ, ಬೇಸಗೆಯಲ್ಲಿ ಉಳಿದಿದ್ದ ಬಣ್ಣವನ್ನೇ ಹಚ್ಚಿ, ಹಸಿ ಬಣ್ಣ ಕಾಣದಂತೆ ಮೇಲೆ ಕಡಲಪಾಚಿ ಒರೆಸಿದ್ದ.

ಡೋರ್ತೆ ಲೆಕ್ಕ ಹಾಕಿದಳು. ಎಬ್ಬೆಯ ದೇಹ ಸಿಕ್ಕಿದ್ದು ಮೂರನೆಯ ದಿನ.

"ಅವನನ್ನ ಹುಡುಕ್ತಿದ್ರು," ಅಂದಳು. "ಆಗ ನೀನು ಬಣ್ಣ ಹಚ್ತಿದ್ದೆ."

"ನಿಮ್ಮಮ್ಮನ ಮುಖ ನೋಡೋಕೆ ಆಗ್ತಿರಲಿಲ್ಲ ಕಣೆ."

"ಟೋರ್ಬೆನ್ ಮುಖ ನೋಡೋಕೆ ಆಯ್ತಾ?"

ಆಸ್ಮುಸ್ ಅಂಗೈಗಳನ್ನು ತೊಡೆಗೆ ಉಜ್ಜಿಕೊಂಡ. ತಾನು ಹೋದ ಮೇಲೆ ಯಾರಿಗೆ ಬೇಕಾದರೂ ಹೇಳು, ಇನ್ನೆಷ್ಟು ದಿನ ಎಂದ. ಎಬ್ಬೆಯ ಮಣ್ಣಿನ ದಿನ ಚರ್ಚಿನ ಮೆಟ್ಟಿಲ ತನಕ ಬಂದಿದ್ದ ಹದಿನೆಂಟರ ಹುಡುಗನನ್ನು ಬಾಗಿಲಲ್ಲಿ ಅಡ್ಡ ನಿಂತು ಒಳಗೆ ಬಿಡದಿದ್ದವಳು ಅವಳೇ. ಅವನು ಕೋಟಿನ ಗುಂಡಿಗಳನ್ನು ತಪ್ಪು ತೂತಿಗೆ ಹಾಕಿಕೊಂಡಿದ್ದ. ಅದನ್ನು ನೋಡಿಯೂ ಅವಳು ಸರಿದಿರಲಿಲ್ಲ.

ಗರಗಸ ತಂದು, ಅಂಚಿನ ಮೊಳೆಗಳನ್ನು ಕೊಯ್ದು, ಹಲಗೆಯನ್ನು ಇಡಿಯಾಗಿ ಬಿಡಿಸಲು ಅವಳಿಗೆ ಎರಡು ಗಂಟೆ ಹಿಡಿಯಿತು. ಹಲಗೆಯಿಲ್ಲದ ದೋಣಿ ಬಾಯಿಬಿಟ್ಟುಕೊಂಡು ನಿಂತಿತು.

"ನಾಳೆ ಹತ್ತು ಗಂಟೆ ಬಸ್ಸು ಅವನದು," ಅಂದಳು. "ನೀನು ಹೇಳ್ತೀಯೋ, ನಾನು ಹೇಳಲೋ?"

ಬೆಳಿಗ್ಗೆ ಅವಳು ಏಳುವಷ್ಟರಲ್ಲಿ ಆಸ್ಮುಸ್ ಗಡ್ಡ ಹೆರೆದು, ಕತ್ತಿನ ಗುಂಡಿ ಹಾಕಿಕೊಂಡು, ಬಾಗಿಲ ಬಳಿ ಕೂತಿದ್ದ.

ಬಂದರಿನ ನಿಲ್ದಾಣದಲ್ಲಿ ಬಸ್ಸು ನಿಂತಾಗ ಅವಳು ಮೊದಲ ಸಲ ಮುಂದಿನ ಬಾಗಿಲಿಗೆ ಹೋದಳು. ಟೋರ್ಬೆನ್ ವಾಕರನ್ನು ನೋಡಿದ, ಅದರ ಹಿಂದಿದ್ದ ಮುಖವನ್ನು ನೋಡಿದ, ಗುಂಡಿಯೊತ್ತಿ ಬಸ್ಸಿನ ಮೆಟ್ಟಿಲನ್ನು ನೆಲದ ಮಟ್ಟಕ್ಕೆ ತಗ್ಗಿಸಿದ. ಆಸ್ಮುಸ್ ಚಾಲಕನ ಬೆನ್ನಿಗೇ ಇದ್ದ ಸೀಟಿನಲ್ಲಿ ಕೂತ. ಡೋರ್ತೆ ಹಲಗೆಯನ್ನು ಅವನ ತೊಡೆಯ ಮೇಲಿಟ್ಟು ಹಿಂದೆ ಕೂತಳು. ಆಚೆ ಸೀಟಿನ ಹಳೇ ನೆರೆಯಾಕೆ, "ಏನೋ ಆಸ್ಮುಸ್, ಬಾಗಿಲು ಕಿತ್ಕೊಂಡು ಎಲ್ಲಿಗೆ ಹೊರಟೆ, ಮಗಳು ಮನೆಯಿಂದ ಓಡಿಸಿದ್ಲಾ?" ಎಂದು ನಕ್ಕಳು. ಅವನು ನಗಲಿಲ್ಲ. ಅವಳ ನಗುವೂ ಅಲ್ಲಿಗೇ ನಿಂತಿತು.

ಊರು ದಾಟಿ ಬಾರ್ಲಿ ಹೊಲಗಳು ಶುರುವಾದ ಮೇಲೆ ಆಸ್ಮುಸ್ ಬಾಯಿ ತೆರೆದ. ದನಿ ಎತ್ತರಿಸದೆ, ದೋಣಿಯ ಅಳತೆ ಒಪ್ಪಿಸುವವನ ಹಾಗೆ, ಮುಂದೆ ಕೂತ ಟೋರ್ಬೆನ್‌ನ ತಲೆಯ ಹಿಂಭಾಗಕ್ಕೆ ಎಲ್ಲವನ್ನೂ ಹೇಳಿದ. ಸ್ಕ್ರೂ, ಬೆಣೆ, ಬಣ್ಣ, ಪಾಚಿ. ಪೊಲೀಸಿನವನು ಚುಕ್ಕಾಣಿ ಅಲ್ಲಾಡಿಸಿ ನೋಡುವಾಗ ಪಕ್ಕದಲ್ಲಿ ನಿಂತಿದ್ದೆ ಎಂದೂ ಹೇಳಿದ. ನೆರೆಯಾಕೆ ಕಿಟಕಿಯ ಕಡೆ ತಿರುಗಿಕೊಂಡಳು. ಟೋರ್ಬೆನ್ ಓಡಿಸುತ್ತಲೇ ಇದ್ದ. ಪ್ರತಿ ತಿರುವಿಗೂ ದೀಪ ಮಿಣುಕಿಸಿದ, ನಿಲ್ದಾಣಗಳಲ್ಲಿ ನಿಲ್ಲಿಸಿದ, ಹತ್ತಿದವರಿಗೆ ತಲೆದೂಗಿದ. ಸ್ಟೀರಿಂಗಿನ ಮೇಲಿನ ಅವನ ಗೆಣ್ಣುಗಳು ಬಿಳಿಚಿಕೊಂಡಿದ್ದನ್ನು ಡೋರ್ತೆ ಮಾತ್ರ ನೋಡುತ್ತಿದ್ದಳು. ಎದುರಿಂದ ಟ್ರಾಕ್ಟರೊಂದು ಬಂದಾಗ ಅವಳು ಕಣ್ಣು ಮುಚ್ಚಿದಳು.

ದ್ವೀಪದ ಇನ್ನೊಂದು ತುದಿ, ಸೋಬ್ಯು ಬಂದರು, ಕೊನೆಯ ನಿಲ್ದಾಣ. ಎಲ್ಲರೂ ಇಳಿದರು. ಟೋರ್ಬೆನ್ ಎಂಜಿನ್ ನಿಲ್ಲಿಸಿದ. ಎದ್ದು ಬಂದು ಹಲಗೆಯ ಮೇಲೆ ಬಾಗಿದ. ಪುಡಿಯಾಗಿದ್ದ ತೂತಿಗೆ ಕಿರುಬೆರಳು ತೂರಿಸಿದ.

"ನಿಮಗೆ ಎರಡು ಸಲ ಹೇಳಿದ್ನಾ ಅವನು?"

"ಹೂಂ."

"ನಂಗೂ ಹೇಳಿದ್ದ. ನಾನು ಹತ್ತೋಕೆ ಹೆದರಿದೆ. 'ಅಪ್ಪ ಸರಿ ಮಾಡಿದಾನೆ, ಬಾರೋ' ಅಂದ."

ಆಸ್ಮುಸ್‌ನ ಕೆಳದವಡೆ ಒಮ್ಮೆ ಅಲುಗಿತು.

ಡೋರ್ತೆ ಎದ್ದು ನಿಂತಳು. "ಆವತ್ತು ಚರ್ಚಿನ ಬಾಗಿಲಲ್ಲಿ ನಾನು..." ಅಂದಳು. ಟೋರ್ಬೆನ್ ಅವಳನ್ನು ನೋಡಿ, "ನನ್ನಮ್ಮಾನೂ ನಂಬಲಿಲ್ಲ," ಅಂದ. "ಸಾಯೋ ಹಾಸಿಗೇಲೂ ಕೇಳಿದ್ಲು, ಈಗಾದ್ರೂ ನಿಜ ಹೇಳು ಅಂತ." ಆಮೇಲೆ ಹಲಗೆಯನ್ನು ಮುದುಕನ ತೊಡೆಯಿಂದ ಎತ್ತಿಕೊಂಡ. "ಇದು ಇಲ್ಲಿರಲಿ. ಇಳೀರಿ ಇಬ್ರೂ. ಮುಂದಿನ ಬಸ್ಸಿಗೆ ವಾಪಸ್ ಹೋಗಿ, ಅದು ನಂದಲ್ಲ."

ಮೆಟ್ಟಿಲನ್ನು ಮಾತ್ರ ತಗ್ಗಿಸಿಕೊಟ್ಟ.

ಆಮೇಲಿನ ವಾರ ಆಸ್ಮುಸ್ ಪೊಲೀಸರಿಗೆ ಫೋನ್ ಮಾಡಿದ. ಬರೆದುಕೊಂಡಿದ್ದೇವೆ, ಈಗ ಮಾಡುವಂಥದ್ದು ಏನೂ ಇಲ್ಲ ಎಂದರು. ಬಂದರಿನ ಬೆಂಚಿನಲ್ಲಿ ಪ್ರತಿ ಬೆಳಿಗ್ಗೆ ಕೂಡುವ ಹಳಬರ ಮುಂದೆಯೂ ಹೋಗಿ ಹೇಳಿದ. ಕೇಳಿ ಒಬ್ಬೊಬ್ಬರಾಗಿ ಎದ್ದರು. ಮನೆಗೆ ಕಾಫಿಗೆ ಬರುತ್ತಿದ್ದವರು ಬರುವುದು ಬಿಟ್ಟರು. ಅವನು ಕುರ್ಚಿಯನ್ನು ಚಪ್ಪರದಿಂದ ಒಳಗೆ ಹಾಕಿಸಿಕೊಂಡ. ಅಪ್ಪ ಮಗಳ ನಡುವೆ ಔಷಧಿ, ಊಟ, ಹವೆ ಇಷ್ಟರದ್ದೇ ಮಾತು. ಅವಳಿಗೆ ಅವನನ್ನು ತಬ್ಬಿಕೊಳ್ಳಲೂ ಆಗಲಿಲ್ಲ, ಬಿಟ್ಟಿರಲೂ ಆಗಲಿಲ್ಲ. ದೋಣಿ ಹಾಗೇ ಬಾಯಿಬಿಟ್ಟುಕೊಂಡಿತ್ತು.

ಮೂರನೆಯ ಶನಿವಾರ ಮನೆಯ ಮುಂದೆ ಕಾರೊಂದು ನಿಂತಿತು. ಟೋರ್ಬೆನ್ ಹಿಂದಿನ ಸೀಟಿನಿಂದ ಹಳೆಯ ಹಲಗೆಯನ್ನು ಇಳಿಸಿಕೊಂಡು ಬಂದ. ನಮಸ್ಕಾರ ಗಿಮಸ್ಕಾರ ಏನಿಲ್ಲ.

"ಹೊಸದು ಕೊಯ್ಯೋಕೆ ಅಳತೆ ಬೇಕಾಗುತ್ತಲ್ಲ," ಅಂದ.

ಡೋರ್ತೆ ಓಕ್ ಮರ ತಂದಿಟ್ಟಿರುವುದನ್ನು ತೋರಿಸಿದಳು. ಅವನು ಹೆಬ್ಬೆರಳಿಂದ ದಪ್ಪ ನೋಡಿ, ಪರವಾಗಿಲ್ಲ ಎನ್ನುವಂತೆ ಗಂಟಲಲ್ಲಿ ಸದ್ದು ಮಾಡಿದ. ಹಳೆಯದನ್ನು ಹೊಸದರ ಮೇಲಿಟ್ಟು ಸುತ್ತ ಪೆನ್ಸಿಲ್ ಎಳೆದಳು. ಅವನು ಕೋಟು ತೆಗೆದು ಮೊಳೆಗೆ ನೇತುಹಾಕಿದ. ಅವಳು ವಿದ್ಯುತ್ ಗರಗಸದ ತಂತಿಯನ್ನು ಮನೆಯೊಳಗಿಂದ ಎಳೆದು ತಂದಳು. ಅವಳು ಕೊಯ್ದಳು, ಅವನು ಹಿಡಿದುಕೊಂಡ. ಅಂಚು ನಯ ಮಾಡಲು ಕೀಸುಳಿ ಕೇಳಿದ. ಕೊಟ್ಟಳು. ಓಕ್ ಮರದ ಹುಳಿ ವಾಸನೆ ಚಪ್ಪರದ ತುಂಬ ಹರಡಿತು.

ಮನೆಯ ಬಾಗಿಲು ತೆರೆದ ಸದ್ದಾಯಿತು. ಆಮೇಲೆ ಜಲ್ಲಿಕಲ್ಲಿನ ಮೇಲೆ ವಾಕರ್ ಎತ್ತಿಡುವ ಸದ್ದು, ನಡುವೆ ದೀರ್ಘ ವಿರಾಮ, ಮತ್ತೆ ಎತ್ತಿಡುವ ಸದ್ದು. ಟೋರ್ಬೆನ್ ತಿರುಗಿ ನೋಡಲಿಲ್ಲ. ಕೀಸುಳಿ ನಿಲ್ಲಿಸಲೂ ಇಲ್ಲ. ಸುರುಳಿ ಸುರುಳಿಯಾಗಿ ಮರದ ಸಿಪ್ಪೆ ಅವನ ಮುಂಗೈಯ ಮೇಲಿಂದ ಜಾರಿ ಬೀಳುತ್ತಿತ್ತು. ಸದ್ದು ತೀರ ಹತ್ತಿರ ಬಂದಾಗ, ದಾರಿಗೆ ಅಡ್ಡವಾಗಿ ಬಿದ್ದಿದ್ದ ಗರಗಸದ ತಂತಿಯನ್ನು ಒಂದು ಕಾಲು ಚಾಚಿ ಪಕ್ಕಕ್ಕೆ ಸರಿಸಿದ.