ಇಮಾಮುದ್ದೀನನ ಜೊತೆ ನನ್ನ ಪಂದ್ಯ

ಇಮಾಮುದ್ದೀನನನ್ನು ನಾನು ಕಣ್ಣಿಂದ ನೋಡಿದವನೇ ಅಲ್ಲ. ಆದರೂ ಆ ವರ್ಷ ಪ್ರತಿ ಶುಕ್ರವಾರ ಸಂಜೆ ಮೋಮಿನಪುರದ ಚಹಾದ ಹೋಟೆಲಿನಲ್ಲಿ ಕೂತು ಅವನ ಕೈಯಿಂದ ಚೆನ್ನಾಗಿ ಏಟು ತಿನ್ನುತ್ತಿದ್ದೆ. ದುಡ್ಡು ಕೊಟ್ಟು ಚಹಾ ಕುಡಿದು ಏಟು ತಿನ್ನುವ ಮೂರ್ಖ ಕಲಬುರಗಿಯಲ್ಲಿ ನಾನೊಬ್ಬನೇ ಇದ್ದೆನೆಂದು ಕಾಣುತ್ತದೆ.

ನಮ್ಮ ಊರಿನಲ್ಲಿ ಬಾಕ್ಸಿಂಗ್ ತಂಡವಿತ್ತು ಎಂದರೆ ಈಗ ಜನ ನಗುತ್ತಾರೆ. ಒಂದಲ್ಲ, ಎರಡಿದ್ದವು. ಮೊದಲನೆಯದು ನಿಜಾಮರ ಕಾಲದ್ದು. ಭಾರತದ ಸೈನ್ಯ ಬಂದು ಪೊಲೀಸ್ ಆಕ್ಷನ್ ಆದ ನಲವತ್ತೆಂಟರ ಸೆಪ್ಟೆಂಬರಿನಲ್ಲಿ ಅದು ದಿಕ್ಕಾಪಾಲಾಯಿತು. ಎರಡನೆಯದು ನಮ್ಮದು. ನಾಲ್ಕು ವರ್ಷ ಕಳೆದ ಮೇಲೆ ಅದೇ ಗೋದಾಮಿನಲ್ಲಿ, ಅವರು ಬಿಟ್ಟುಹೋದ ಹರಕು ಕೈಗವಸುಗಳನ್ನೇ ಹೊಲಿಸಿಕೊಂಡು ಶುರುಮಾಡಿದ್ದೆವು. ನಾನು ಪಾಂಡುರಂಗ, ತಹಸೀಲ್ ಕಚೇರಿಯ ಗುಮಾಸ್ತ, ವೈಷ್ಣವರ ಮನೆಯವನು. ಕೈಗವಸು ಚರ್ಮದ್ದು ನೋಡಿ. ಹಿತ್ತಲಿನಲ್ಲಿ ತಲೆಯ ಮೇಲೆ ತಣ್ಣೀರು ಸುರಿದುಕೊಳ್ಳದೆ ನಮ್ಮ ತಾಯಿ ಚಂದ್ರಾಬಾಯಿ ನನ್ನನ್ನು ಒಳಗೇ ಬಿಡುತ್ತಿರಲಿಲ್ಲ. ಚಳಿಗಾಲದಲ್ಲಿ ಎದುರಾಳಿಗಿಂತ ಆ ನೀರಿಗೇ ನಾನು ಹೆಚ್ಚು ಹೆದರುತ್ತಿದ್ದೆ.

ಹಳೆಯ ತಂಡವೂ ಹೊಸ ತಂಡವೂ ಎದುರಾದರೆ ಗೆಲ್ಲುವವರು ಯಾರು? ಮೋಮಿನಪುರದ ಆ ಹೋಟೆಲಿನಲ್ಲಿ ಇದೊಂದೇ ಮಾತು. ಐದು ತೂಕ, ಐದು ಜೋಡಿ; ನನ್ನ ತೂಕದ ಹಳಬ ಇಮಾಮುದ್ದೀನ್. ಪಂದ್ಯವೆಲ್ಲ ಬಾಯಿಮಾತಿನಲ್ಲೇ: ಒಬ್ಬ ಹಳಬನ ಪರವಾಗಿ ಕೂರಬೇಕು, ಇನ್ನೊಬ್ಬ ಹೊಸಬನ ಪರವಾಗಿ. ಒಬ್ಬ ಒಂದು ಏಟು ಹೇಳಿದರೆ, ಇನ್ನೊಬ್ಬ ಬಸಿಯಲ್ಲಿ ಸುರಿದುಕೊಂಡ ಚಹಾ ಮುಗಿಯುವುದರೊಳಗೆ ಅದಕ್ಕೆ ಉತ್ತರ ಹೇಳಬೇಕು. ತಡವಾದರೆ ಏಟು ಬಿತ್ತೆಂದೇ ಲೆಕ್ಕ. ತನ್ನ ಪರವಾಗಿ ತಾನು ಮಾತಾಡುವಂತಿಲ್ಲ, ರಕ್ತಸಂಬಂಧಿಯೂ ಮಾತಾಡುವಂತಿಲ್ಲ. ಹೀಗಾಗಿ ಇಮಾಮುದ್ದೀನನ ಪರವಾಗಿ ದೌಲಪ್ಪ ಕೂರುತ್ತಿದ್ದ. ಅವನು ಹಳೆಯ ತಂಡದ ಪಂದ್ಯ ಒಂದನ್ನೂ ಬಿಡದೆ ನೋಡಿದ ಹಮಾಲ, ಗಂಟಲು ದೊಡ್ಡದು. ನನ್ನ ಪರವಾಗಿ ಕೂರುತ್ತಿದ್ದವನು ಹೋಟೆಲಿನ ಮಾಲೀಕ ಮಕ್ಸೂದ್, ಇಮಾಮುದ್ದೀನನ ಸ್ವಂತ ತಮ್ಮ. ಅಣ್ಣನನ್ನು ಹೊಡೆಯುವ ಕೆಲಸ ತಮ್ಮನ ಪಾಲಿಗೆ ಬಂದಿತ್ತು. ಅವನು ಅದನ್ನು ಪ್ರಾಮಾಣಿಕವಾಗಿ, ಬೆವರು ಸುರಿಸಿ ಮಾಡುತ್ತಿದ್ದ.

ನಾಲ್ಕು ಜೋಡಿಗಳ ತೀರ್ಮಾನವಾಗಿ ಎರಡೂ ತಂಡ ಸಮಸಮ ನಿಂತಿದ್ದವು. ಐದನೆಯದಾದ ನಮ್ಮಿಬ್ಬರ ಜೋಡಿ ಮಾತ್ರ ಬಗೆಹರಿಯಲೊಲ್ಲದು. ನನಗಂತೂ ಕುತೂಹಲ ಹುಚ್ಚು ಹಿಡಿಸಿತ್ತು. ಕಚೇರಿಯಲ್ಲಿ ಅರ್ಜಿಗಳ ಮೇಲೆ ಮೊಹರು ಹಾಕುವಾಗಲೂ ಇಮಾಮುದ್ದೀನನ ಮೂಗಿಗೆ ಗುರಿಯಿಡುತ್ತಿದ್ದೆ.

ಒಂದು ದಿನ ಮಕ್ಸೂದನನ್ನು ಕೇಳಿಯೇಬಿಟ್ಟೆ. "ಅಣ್ಣನ್ನ ಸೋಲಸೂದು ನಿನಗ ಬ್ಯಾಸರ ಅನಸಂಗಿಲ್ಲೇನೋ?"

ಅವನು ಹೋಟೆಲಿನ ಹಿಂಭಾಗಕ್ಕೆ ಕಣ್ಣು ತೋರಿಸಿದ. ಅಲ್ಲೊಂದು ಪರದೆ, ಅದರಾಚೆ ಅವರ ಮನೆ. "ಶುಕ್ರವಾರ ಸಂಜೀಕ ನಮ್ಮ ಅಮ್ಮಾ ಪರದಾ ಹಿಂದ ಬಂದು ಕುಂದರ್ತಾಳ. ನಾಕ್ ವರ್ಷದ ಮ್ಯಾಲಾತು, ಅಣ್ಣಂದು ಒಂದ್ ಸುದ್ದಿ ಇಲ್ಲ. ಕರಾಚಿಗಿ ಹೋಗ್ಯಾನಂತ ಒಬ್ರು ಅಂತಾರ, ಹಾದ್ಯಾಗೇ ಹೋದಾ ಅಂತ ಒಬ್ರು ಅಂತಾರ. ಮನ್ಯಾಗ ಅವನ ಹೆಸರು ಯಾರೂ ತಗೊಳ್ಳಂಗಿಲ್ಲ. ಇಲ್ಲಿ ನೀವು ತಗೋತೀರಿ."

ಅವನು ಹೇಳಿದ್ದು ನಿಜ. ಆ ದಿನಗಳಲ್ಲಿ ಇಮಾಮುದ್ದೀನ್ ಎಲ್ಲಿ ಹೋದ ಎಂದು ಊರಿನಲ್ಲಿ ಯಾರೂ ಕೇಳುತ್ತಿರಲಿಲ್ಲ. ಕೇಳಲು ಮುಸಲ್ಮಾನರಿಗೂ ಭಯ, ಹಿಂದೂಗಳಿಗೂ ಭಯ. ಅವನು ಗೆಲ್ಲುತ್ತಿದ್ದನೇ ಎಂದು ಮಾತ್ರ ಎಷ್ಟು ಜೋರಾಗಿ ಬೇಕಾದರೂ ಕೇಳಬಹುದಿತ್ತು. ಆ ತಾಯಿಯ ಹೆಸರು ಮಸ್ತಾನಬಿ. ಪ್ರತಿ ವಾರ ಮಗ ಸೋಲುತ್ತಾನೋ ಗೆಲ್ಲುತ್ತಾನೋ ಎಂದು ಜೀವ ಹಿಡಿದುಕೊಂಡು ಕೂತಿರುತ್ತಾಳಲ್ಲ ಎಂದುಕೊಂಡೆ.

ಕಡೆಗೆ ದೌಲಪ್ಪನೇ ಒಂದು ದಾರಿ ತೆಗೆದ. "ಇಬ್ಬರ ಕೈಲಿಂದೂ ಏಟು ತಿಂದಾಂವ ಹೇಳ್ಬೇಕು. ಪೀರಪ್ಪ ಅದಾನಲ್ಲ!"

ಪೀರಪ್ಪ ಹಳೆಯ ತಂಡಕ್ಕೆ ಅಭ್ಯಾಸದ ಎದುರಾಳಿಯಾಗಿ ನಿಲ್ಲುತ್ತಿದ್ದವನು. ನಮ್ಮ ತಂಡ ಶುರುವಾದಾಗ ಕೆಲವು ತಿಂಗಳು ನನ್ನ ಎದುರೂ ನಿಂತು, ಆಮೇಲೆ ಕಮಲಾಪುರದ ತನ್ನ ಬಾಳೆ ತೋಟಕ್ಕೆ ಹೋಗಿಬಿಟ್ಟಿದ್ದ. ಅವನ ಮಾತೇ ಕೊನೆ, ಆಮೇಲೆ ಯಾರೂ ಚಕಾರ ಎತ್ತಬಾರದು ಎಂದು ಎಲ್ಲರೂ ಒಪ್ಪಿದರು. ಕೇಳಿಕೊಂಡು ಬರಲು ನಾನೇ ಹೊರಟೆ. "ಸೋತೆ ಅಂತ ಬಂದು ಹೇಳಿದಿ ಅಂದ್ರ ನಂಬ್ತೀವಿ, ಗೆದ್ದೆ ಅಂದ್ರ ಆಮ್ಯಾಲ ನೋಡೂಣು" ಎಂದು ದೌಲಪ್ಪ ನಗಾಡಿದ.

ಭಾನುವಾರ ಬಸ್ಸು ಹಿಡಿದು ಕಮಲಾಪುರಕ್ಕೆ ಹೋದೆ. ಪೀರಪ್ಪ ಕೆಂಪು ಬಾಳೆಗೊನೆಗಳ ನಡುವೆ, ನೆಲಕ್ಕೆ ಬಾಗಿದ್ದ ಗಿಡಗಳಿಗೆ ಕೋಲು ಆನಿಸುತ್ತಿದ್ದ. ಮೂಗು ಒಂದು ಕಡೆಗೆ ವಾಲಿತ್ತು. ಅದು ಇಮಾಮುದ್ದೀನನ ಕೊಡುಗೆಯೆಂದು ಹೆಮ್ಮೆಯಿಂದ ನನಗೆ ಎರಡೂ ಬದಿಯಿಂದ ತೋರಿಸಿದ.

"ಬರ್ರಿ ರಾಯರ. ಇಷ್ಟು ದೂರ ಯಾಕ ಬಂದ್ರಿ?"

"ಒಂದು ಮಾತು ಕೇಳಾಕ ಬಂದೀನಿ ಪೀರಪ್ಪಣ್ಣ. ಖರೇ ಹೇಳ್ಬೇಕು." ಹೋಟೆಲಿನ ಕತೆಯನ್ನೆಲ್ಲ ಹೇಳಿದೆ. ಮಸ್ತಾನಬಿ ಪರದೆಯ ಹಿಂದೆ ಕೂರುವುದನ್ನೂ ಹೇಳಿದೆ.

ಅವನು ಗೋಣಿಚೀಲ ಹರಿದು ಎರಡೂ ಅಂಗೈಗೆ ಸುತ್ತಿಕೊಂಡು, "ಹೊಡೀರಿ" ಎಂದ. ಹೊಡೆದೆ. "ಬಲಗೈಲೆ ಹೊಡೀರಿ." ಹೊಡೆದೆ. ಬಾಳೆಯ ಒಣ ಎಲೆಗಳ ಮೇಲೆ ಕಾಲು ಜಾರುತ್ತಿತ್ತು. ಸಾಕು ಎನ್ನುವಷ್ಟು ಆದಮೇಲೆ ಅವನು ಕೈ ಜಾಡಿಸಿಕೊಂಡು ಬದುವಿನ ಮೇಲೆ ಕೂತ.

"ನೀವ ಗೆಲ್ತೀರಿ, ರಾಯರ."

ನನಗೆ ಕುಣಿಯಬೇಕೆನಿಸಿತು. ಆದರೆ ಹಾಳು ಕುತೂಹಲ ಸುಮ್ಮನಿರಬೇಕಲ್ಲ! "ಯಾಕ?" ಎಂದು ಕೇಳಿದೆ.

"ಇಮಾಮುದ್ದೀನ್ನ ಎಡಗಣ್ಣಾಗ ಮಬ್ಬು ಬಂದಿತ್ತು. ಆ ಕಡಿಂದ ಬರೋ ಏಟು ಅವಗ ಕಾಣ್ತಿದ್ದಿಲ್ಲ. ನಿಮ್ಮ ಬಲಗೈ ಸೀದಾ ಅಲ್ಲೇ ಹೋಗ್ತದ. ತಂಡದಾಗ ಯಾರಿಗೂ ಗೊತ್ತಿದ್ದಿಲ್ಲ, ನನಗೊಬ್ಬಗೇ ಗೊತ್ತು. ಗೊತ್ತಾಗಿದ್ರ ಅಂವಗ ಆಡಾಕ ಬಿಡ್ತಿದ್ದಿಲ್ಲ. ಅದಕ್ಕ ನಾ ಆ ಕಡೆ ಹೊಡೀತಿದ್ದಿಲ್ಲ."

ನನ್ನ ಉಬ್ಬಿದ ಎದೆ ಅಲ್ಲೇ ಇಳಿಯಿತು. ಕಣ್ಣು ಕಾಣದವನನ್ನು ಹೊಡೆದು ಗೆದ್ದರೆ ಅದೆಂಥ ಗೆಲುವು? "ಕಣ್ಣು ಸರಿ ಇತ್ತಂದ್ರ ಏನಾಗ್ತಿತ್ತು?"

"ಅಂವ ಬ್ಯಾರೆ ಮನಷ್ಯಾ ಆದಾ. ನೀವು ಕೇಳಿದ್ದು ಇಮಾಮುದ್ದೀನ್ನ ಸುದ್ದಿ" ಎಂದು ಪೀರಪ್ಪ ಮತ್ತೆ ಕೋಲು ಎತ್ತಿಕೊಂಡ. ಹೊರಡುವಾಗ ಒಂದು ಚಿಪ್ಪು ಬಾಳೆಹಣ್ಣು ಕೊಟ್ಟು, ಮಸ್ತಾನಬಿಗೆ ಕೊಡಿರೆಂದ.

ಶುಕ್ರವಾರ ಬರುವವರೆಗೆ ನನಗೆ ನೆಮ್ಮದಿಯಿರಲಿಲ್ಲ. ನನ್ನ ಗೆಲುವನ್ನು ಸಾರಿ ಆ ತಾಯಿಯ ಕಿವಿಗೆ ಅದನ್ನು ಹಾಕಲೇ? ಅಷ್ಟು ಕಟುಕನಾಗಲು ನನ್ನಿಂದಾಗಲಿಲ್ಲ. ಹೋಟೆಲಿನಲ್ಲಿ ಕಾಲಿಡಲೂ ಜಾಗವಿರಲಿಲ್ಲ. ನಾನು ಪರದೆಗೂ ಕೇಳಿಸುವಂತೆ ಗಟ್ಟಿಯಾಗಿ ಹೇಳಿದೆ: "ಪೀರಪ್ಪಣ್ಣ ಹೇಳ್ಯಾನ, ಇಮಾಮುದ್ದೀನ್ ಗೆಲ್ತಾನಂತ. ಮೂರನೇ ರೌಂಡಿನ್ಯಾಗ."

ದೌಲಪ್ಪ ಬೆಂಚಿನ ಮೇಲೆ ಹತ್ತಿ ಕೂಗಿದ. ಮಕ್ಸೂದ್ ಎಲ್ಲರಿಗೂ ಪುಕ್ಕಟೆ ಚಹಾ ಕೊಟ್ಟ. ನನ್ನ ಬೆನ್ನು ತಟ್ಟಿ ಸಮಾಧಾನ ಹೇಳಿದರು. ನನಗೂ ದೊಡ್ಡ ಮನುಷ್ಯನಾದಂತೆ ಅನ್ನಿಸಿತು. ಚಹಾ ಮುಗಿಯಿತು. ಆಮೇಲೆ ಯಾರೋ ಹೈದರಾಬಾದಿಗೆ ಬಿಟ್ಟಿರುವ ಹೊಸ ಬಸ್ಸಿನ ಮಾತು ತೆಗೆದರು. ಅದರ ಸೀಟು ಮೆತ್ತಗಿದೆಯಂತೆ. ಮಾತಿನಲ್ಲೇ ಎಲ್ಲರೂ ಆ ಬಸ್ಸು ಹತ್ತಿಬಿಟ್ಟರು.

ಅಷ್ಟರಲ್ಲಿ ಮಕ್ಸೂದ್ ಬಂದು, "ಅಮ್ಮಾ ಕರ್ಯಾಕತ್ತಾಳ" ಎಂದ. ಬಾಳೆಹಣ್ಣು ಹಿಡಿದು ಪರದೆಯ ಹತ್ತಿರ ಹೋಗಿ ನಿಂತೆ. ಆಕೆಯ ದನಿಯನ್ನು ನಾನು ಕೇಳಿದ್ದು ಅದೇ ಮೊದಲು.

"ಪೀರಪ್ಪ ಹಂಗಂದ್ನಾ, ಬೇಟಾ?"

"ಹೌದವ್ವ."

"ಝೂಟ್ ಬ್ಯಾಡ. ಅವನ ಎಡಗಣ್ಣಿಗಿ ದವಾ ಹಾಕ್ತಿದ್ದಾಕಿ ನಾ. ಪೀರಪ್ಪಗ ಗೊತ್ತಿತ್ತು ಅನ್ನೋದೂ ನನಗ ಗೊತ್ತದ."

"ನಿಮಗ ಖುಷಿ ಆಗ್ಲಿ ಅಂತ ಹೇಳಿದೆ, ಅವ್ವ."

"ಅವನ ಗೆಲುವು ತಗೊಂಡು ನಾ ಏನ್ ಮಾಡ್ಲಿ?" ಎಂದಳು. ದನಿಯಲ್ಲಿ ಸಿಟ್ಟಿತ್ತು, ಅದರ ಕೆಳಗೆ ಅಳುವೂ ಇತ್ತು. "ಕೇಳು, ಹೊರಗ ಏನ್ ಮಾತಾಡಾಕತ್ತಾರ. ಬಸ್ಸಿನ ಮಾತು. ಬರೋ ಶುಕ್ರವಾರ ನಾ ಇಲ್ಲಿ ಕುಂತು ಬಸ್ಸಿನ ಮಾತು ಕೇಳ್ಲೇನು? ನನ್ನ ಮಗನ ಹೆಸರು ಇನ್ನೆಲ್ಲಿ ಕೇಳ್ಲಿ?"

ನಾನು ಎಂಥ ದಡ್ಡ! ಇಷ್ಟು ವಾರ ಆಕೆ ಮಗನ ಗೆಲುವಿಗಾಗಿ ಕಾದಿದ್ದಾಳೆ ಎಂದುಕೊಂಡಿದ್ದೆ.

"ಹೋಗು ಬೇಟಾ. ಖರೇ ಹೇಳು. ಕಣ್ಣಿನ ಮಾತು ಮಾತ್ರ ಬ್ಯಾಡ."

ಹಣ್ಣಿನ ಚಿಪ್ಪನ್ನು ಅಲ್ಲಿಟ್ಟು ಹೊರಗೆ ಬಂದೆ. "ನಾ ಹೇಳಿದ್ದು ಸುಳ್ಳು" ಎಂದು ಕೂಗಿದೆ. "ಪೀರಪ್ಪ ಅಂದದ್ದು ಗೆಲ್ಲಾಂವ ನಾನೇ ಅಂತ!"

ಹೋಟೆಲು ಹಾರಿಹೋಗುವಂತೆ ಗದ್ದಲವೆದ್ದಿತು.

"ಲೇ ಪಾಂಡು! ಇಮಾಮುದ್ದೀನ್ನ ಮುಂದ ನೀ ನಿಂದ್ರಾಂವೇನು?" ಎಂದು ದೌಲಪ್ಪ ಮೈಮೇಲೆ ಬಂದ. ಕಾರಣ ಹೇಳೆಂದು ಒಬ್ಬ ತೋಳು ಹಿಡಿದ. ಪೀರಪ್ಪನಿಗೆ ಬಾಳೆಹಣ್ಣು ತಿಂದು ತಲೆ ಕೆಟ್ಟಿದೆಯೆಂದು ಇನ್ನೊಬ್ಬ ತೀರ್ಪು ಕೊಟ್ಟ. ಇಮಾಮುದ್ದೀನನ ಕಾಲ್ಚಳಕ, ಇಮಾಮುದ್ದೀನನ ಉಸಿರು, ರಾಯಚೂರಿನಲ್ಲಿ ಇಮಾಮುದ್ದೀನ್ ಕೆಡವಿದ ಪೈಲ್ವಾನ. ಅವನನ್ನು ಕಂಡವರೂ ಕೂಗಿದರು, ಕಾಣದವರು ಇನ್ನೂ ಜೋರಾಗಿ ಕೂಗಿದರು. ಮಕ್ಸೂದ್ ಕಣ್ಣೊರೆಸಿಕೊಂಡು ನನ್ನ ಪರವಾಗಿ ಮತ್ತೆ ಬೆಂಚಿನ ಮೇಲೆ ಕೂತ. ನಾನು ಕಾರಣ ಹೇಳಲಿಲ್ಲ, ಮಾತನ್ನೂ ಹಿಂದೆ ತೆಗೆದುಕೊಳ್ಳಲಿಲ್ಲ. ಊರೆಲ್ಲ ಬಾಯಿಗೆ ಬಂದಂತೆ ನನ್ನನ್ನು ಬೈಯುತ್ತಿದ್ದರೆ ಅಷ್ಟು ಸಂತೋಷ ನನಗೆ ಯಾವತ್ತೂ ಆಗಿರಲಿಲ್ಲ.

ಮಸ್ತಾನಬಿ ಬದುಕಿದ್ದಷ್ಟು ದಿನವೂ ಆ ಪಂದ್ಯ ಮುಗಿಯಲು ನಾನು ಬಿಡಲಿಲ್ಲ.